ಫರ್ ಆರ್ಡರ್‌ಗೆ ಸೈನ್ ಹಾಕೋ ಮುಂಚೆ

ಪ್ರೀತಿಯ ಪುಟ್ಟಿ,

ಕೆಲಸ ಸಿಕ್ಕಿದ್ದು ಕೇಳಿ ತುಂಬಾ ಖುಷಿ ಆಯ್ತು ಕಣೇ, ಅದೂ ನಿಂಗಿಷ್ಟವಾದ ಬಟ್ಟೆ ಲೈನಲ್ಲೇ. ಆದ್ರೆ ಫರ್ (ತುಪ್ಪಳ ಇರೋ ಪ್ರಾಣಿ ಚರ್ಮ) ಆರ್ಡರ್ ವಿಷಯಕ್ಕೆ ಫೋನಲ್ಲಿ ಒಂದು ಮಾತಂದ್ಯಲ್ಲ, "ದೊಡ್ಡಮ್ಮ, ಚರ್ಮ ನಮ್ಮ ಕೈಗೆ ಬರೋ ಹೊತ್ತಿಗೆ ಪ್ರಾಣಿ ಸತ್ತಾಗಿರುತ್ತೆ, ನಾನು ಬೇಡ ಅಂದ್ರೆ ಎದ್ದು ಬರುತ್ತಾ" ಅಂತ, ಅದು ತಲೇಲೇ ಕೂತ್ಬಿಟ್ಟಿದೆ.

ಎದ್ದು ಬರಲ್ಲ, ನಿಜ. ಆದ್ರೆ ಮಿಂಕ್ ಅಂತ ಮುಂಗುಸಿ ಥರದ ಪ್ರಾಣಿ ಇದೆ, ತುಪ್ಪಳಕ್ಕೋಸ್ಕರ ಸಾಕ್ತಾರೆ, ಅದರ ಫಾರ್ಮಿನ ಲೆಕ್ಕ ನೋಡು. ಮಾರ್ಚಲ್ಲಿ ಗಂಡು ಹೆಣ್ಣು ಕೂಡಿಸ್ತಾರೆ, ಏಪ್ರಿಲ್ ಕೊನೆ, ಮೇ ಹೊತ್ತಿಗೆ ಮರಿ, ಚಳಿಗಾಲದ ತುಪ್ಪಳ ದಟ್ಟವಾಗಿ ಬಂತು ಅಂದ್ರೆ ನವೆಂಬರ್ ಡಿಸೆಂಬರಲ್ಲಿ ಗ್ಯಾಸ್ ಬಿಟ್ಟು ಸಾಯಿಸ್ತಾರೆ, ಒಂದು ವರ್ಷಾನೂ ತುಂಬಿರಲ್ಲ ಅದಕ್ಕೆ. ತಳಿಗೆ ಅಂತ ಒಂದಷ್ಟು ಉಳಿಸ್ಕೊಳ್ತಾರೆ, ಎಷ್ಟು ಉಳಿಸ್ಬೇಕು ಅಂತ ಹೇಳೋದು ಚರ್ಮದ ಹರಾಜಿನ ರೇಟು. ಕೊಳ್ಳೋರು ಜಾಸ್ತಿಯಾಗಿ ರೇಟು ಏರಿದ್ರೆ ಮುಂದಿನ ವರ್ಷ ಪಂಜರ ಜಾಸ್ತಿ, ಬಿದ್ರೆ ಕಮ್ಮಿ. ಹಂಗಾಗಿ ನೀನು ಹಾಕೋ ಸೈನು ಇನ್ನೂ ಹುಟ್ದೇ ಇರೋ ಮರೀಗೆ ತಾಗುತ್ತೆ.

ಇನ್ನು ಆ ಪಂಜರ. ಮಿಂಕ್ ಅನ್ನೋದು ನೀರಲ್ಲಿ ಈಜಿ ಬೇಟೆ ಆಡೋ ಪ್ರಾಣಿ, ಅದನ್ನ ತಂತಿ ಗೂಡಲ್ಲಿ ಇಟ್ರೆ ಅಲ್ಲಲ್ಲೇ ಅತ್ತಿಂದಿತ್ತ ಸುತ್ತುತ್ತಾನೇ ಇರುತ್ತೆ. "ಫಾರ್ಮಲ್ಲೇ ಹುಟ್ಟಿದ್ದು, ಅದಕ್ಕೇನ್ ಗೊತ್ತು ನೀರು" ಅಂತ ಯಾರಾದ್ರೂ ಅಂದೇ ಅಂತಾರೆ ನಿಂಗೆ. ಆಕ್ಸ್‌ಫರ್ಡ್‌ನ ವಿಜ್ಞಾನಿಗಳು ಅದನ್ನೇ ಪರೀಕ್ಷೆ ಮಾಡಿ 2001ರಲ್ಲಿ ಪ್ರಕಟಿಸಿದ್ರು, ಭಾರದ ಬಾಗಿಲು ತಳ್ಳಿದ್ರೆ ಆಟದ ಸಾಮಾನು, ಇನ್ನೊಂದು ಗೂಡು, ನೀರಿನ ತೊಟ್ಟಿ ಹೀಗೆ ಒಂದೊಂದು ಸಿಗೋ ಹಾಗೆ ಇಟ್ಟಿದ್ರು, ತೊಟ್ಟಿಗೋಸ್ಕರ ಅವು ಪಟ್ಟಷ್ಟು ಕಷ್ಟ ಬೇರೆ ಯಾವುದಕ್ಕೂ ಪಡ್ಲಿಲ್ಲ, ತೊಟ್ಟಿ ಮುಚ್ಚಿದಾಗ ಹಸಿವಲ್ಲಿಟ್ಟಾಗಿನಷ್ಟೇ ಸ್ಟ್ರೆಸ್ ಹಾರ್ಮೋನ್ ಏರಿತ್ತು. ಫಾರ್ಮಲ್ಲೇ ಹುಟ್ಟಿದ ಮಿಂಕೇ ಅವು!

ಫಾರ್ಮಿನವರೆಲ್ಲ ಕಟುಕರು ಅಂತ ನಾನೇನೂ ಅನ್ನಲ್ಲಮ್ಮ, ಅದೇ ಹೊಟ್ಟೆಪಾಡು ಅವರಿಗೆ. 2020ರಲ್ಲಿ ಡೆನ್ಮಾರ್ಕಲ್ಲಿ ಕೊರೋನಾ ಮಿಂಕ್‌ಗೂ ಹರಡಿ ಮತ್ತೆ ಮನುಷ್ಯರಿಗೆ ಬಂತು ಅಂತ ದೇಶದ ಅಷ್ಟೂ ಮಿಂಕ್ ಸಾಯಿಸೋಕೆ ಸರ್ಕಾರ ಹೇಳ್ತು, ಒಂದೂವರೆ ಕೋಟಿ ಮೇಲೆ, ಆಮೇಲೆ ನೋಡಿದ್ರೆ ಆ ಆದೇಶಕ್ಕೆ ಕಾನೂನಿನ ಆಧಾರಾನೇ ಇರ್ಲಿಲ್ಲ, ಕೃಷಿ ಮಂತ್ರಿ ರಾಜೀನಾಮೆ ಕೊಟ್ಟ. ಮನೆತನದಿಂದ ಅದೇ ಮಾಡ್ಕೊಂಡು ಬಂದವ್ರು ಬೀದಿಗೆ ಬಂದ ಹಾಗಾಯ್ತು.

ಕಾನೂನು ಎಲ್ಲಾ ನೋಡ್ಕೊಳ್ಳುತ್ತೆ ಅಂತ ಸುಮ್ನಿರ್ಬೇಡ. ಬ್ರಿಟನ್ 2000ದಲ್ಲೇ ಇಂಗ್ಲೆಂಡ್, ವೇಲ್ಸಲ್ಲಿ ಫರ್ ಫಾರ್ಮ್ ಬೇಡ ಅಂತ ಕಾಯ್ದೆ ಮಾಡ್ತು, ಹೊರಗಿಂದ ಫರ್ ತರಿಸೋದು ಮಾತ್ರ ನಿಲ್ಲಿಸ್ಲಿಲ್ಲ. ಪಾಪ ಬೇರೆಯವ್ರ ಹಿತ್ತಲಿಗೆ ಹೋಯ್ತು ಅಷ್ಟೇ.

ಕೆಲಸ ಬಿಡು ಅಂತ ಹೇಳ್ತಿಲ್ಲ. ಸಪ್ಲೈಯರ್‌ನ ಕೇಳು, ಯಾವ ಪ್ರಾಣಿ, ಯಾವ ದೇಶ, ಫಾರ್ಮಿಂದು ಬಂದಿದ್ದಾ, ಕಾಡಲ್ಲಿ ಬೋನಿಟ್ಟು ಹಿಡಿದಿದ್ದಾ, ಹೆಂಗೆ ಸಾಯಿಸ್ತಾರೆ. ಸರ್ಟಿಫಿಕೇಟ್ ತೋರಿಸಿದ್ರೆ ಖುಷಿ ಪಟ್ಕೋಬೇಡ, ಪಂಜರ ಹಾಗೇ ಇಟ್ಕೊಂಡು ಅದರೊಳಗಿನ ವ್ಯವಸ್ಥೆಗೆ ಮಾರ್ಕ್ಸ್ ಕೊಡೋ ಸರ್ಟಿಫಿಕೇಟೂ ಇದೆ. ಜಾಕೆಟ್ ಟೋಪಿ ಅಂಚಿಗೆ ಹಾಕೋ ಚೂರು ಫರ್ ಇರುತ್ತಲ್ಲ, ಆರ್ಟಿಫಿಶಿಯಲ್ ಅಂತ ಬರೆದಿದ್ರೂ ಕೂದ್ಲು ಬಿಡಿಸಿ ಬುಡ ನೋಡು, ಬಟ್ಟೆ ನೇಯ್ಗೆ ಕಂಡ್ರೆ ಸರಿ, ಚರ್ಮ ಕಂಡ್ರೆ ವಾಪಸ್ ಕಳ್ಸು. ಆರ್ಟಿಫಿಶಿಯಲ್ ಫರ್ ಹೆಚ್ಚಿನದು ಪ್ಲಾಸ್ಟಿಕ್ಕೇ, ಅದನ್ನೂ ಪರಿಸರಸ್ನೇಹಿ ಅಂತ ಮಾರೋಕೆ ಹೋಗ್ಬೇಡಿ. ಗೂಚಿಯಂಥ ದೊಡ್ಡ ಫ್ಯಾಷನ್ ಕಂಪನೀನೇ 2017ರಲ್ಲಿ ಫರ್ ಬಿಡ್ತೀವಿ ಅಂತ ಹೇಳಿದ್ಮೇಲೆ, ಮೀಟಿಂಗಲ್ಲಿ ನೀನು ಫರ್ ಬೇಡ ಅಂತ ಬಾಯ್ಬಿಟ್ರೆ ಯಾರೂ ನಗಲ್ಲ. ಕಂಪನಿಯವ್ರು ಅದಕ್ಕೂ ಒಪ್ಪದೇ ಇದ್ರೆ ಉಣ್ಣೆ, ಹತ್ತಿ ಕಡೆ ಸೆಕ್ಷನ್ ಕೊಡಿ ಅಂತ ಕೇಳು.

ಸಪ್ಲೈಯರ್ ಏನಂದ ಅಂತ ಬರಿ, ವಾಯ್ಸ್ ಮೆಸೇಜ್ ಬೇಡ, ನಂಗೆ ಸರಿಯಾಗಿ ಕೇಳ್ಸಲ್ಲ.

ನಿನ್ನ ದೊಡ್ಡಮ್ಮ