ರುಚಿ ಬರಲಿ ಅಂತ ಕಾಯಬೇಡ

ಚಿ. ಮೇಘಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಮೆಸೇಜ್ ಓದಿದೆ. ‘ಏನು ತಿಂದರೂ ರುಚಿಸಲ್ಲ ದೊಡ್ಡಮ್ಮ, ಅಮ್ಮ ಮಾಡಿದ ಸಾರೂ ಬರೀ ಬಿಸಿನೀರು. ನಾಲಿಗೆ ಸರಿಯಾದ ಮೇಲೆ ನಾನೇ ತಿನ್ನುತ್ತೇನೆ, ಅಲ್ಲಿವರೆಗೆ ಯಾರೂ ಬಲವಂತ ಮಾಡಬೇಡಿ’ ಅಂತ ಬರೆದಿದ್ದೀಯ. ಫೋನಿನಲ್ಲಿ ಹೇಳಹೊರಟರೆ ಅರ್ಧದಲ್ಲೇ ನಮ್ಮಿಬ್ಬರಿಗೂ ಜಗಳ ಹತ್ತುತ್ತದೆ. ಅದಕ್ಕೇ ಈ ಕಾಗದ. ದೊಡ್ಡಮ್ಮನ ಮಾತು ಬೇಡ ಅನ್ನಿಸಿದರೆ, ಆಸ್ಪತ್ರೆಯಲ್ಲಿ ಡಯೆಟಿಶಿಯನ್ ಆಗಿ ತಲೆ ನರೆಸಿಕೊಂಡವಳ ಮಾತು ಅಂತಾದರೂ ಓದು.

ದಪ್ಪಗಾಗುವ ಭಯಕ್ಕೆ ಊಟವನ್ನೇ ಬಿಡಿಸುವ ಈ ಅನೊರೆಕ್ಸಿಯಾ ಕಾಯಿಲೆ ನಿನಗೆ ಹತ್ತಿದೆ, ರುಚಿಸುತ್ತಿಲ್ಲ ಅನ್ನುವ ನಿನ್ನ ಮಾತನ್ನು ಪೂರ್ತಿ ನಂಬುತ್ತೇನೆ. ಆದರೆ ಲೆಕ್ಕವನ್ನು ನೀನು ತಿರುಗಾಮುರುಗಾ ಹಾಕಿದ್ದೀಯ. ಊಟ ಮೊದಲು, ರುಚಿ ಆಮೇಲೆ.

ಯಾಕೆ ಅಂತ ಹೇಳುತ್ತೇನೆ. ನಾಲಿಗೆಯ ಮೇಲಿನ ರುಚಿಮೊಗ್ಗುಗಳಲ್ಲಿರುವ ಜೀವಕೋಶಗಳು ಹೆಚ್ಚುಕಡಿಮೆ 10 ದಿನಕ್ಕೊಮ್ಮೆ ಸತ್ತು ಹೊಸದಾಗಿ ಹುಟ್ಟುತ್ತಿರುತ್ತವೆ. ಹೊಸದು ಹುಟ್ಟಬೇಕಾದರೆ ಪ್ರೋಟೀನ್ ಬೇಕು, ಜಿಂಕ್ ಬೇಕು, ಬಿ ವಿಟಮಿನ್‌ಗಳು ಬೇಕು. ಬಾಯಲ್ಲಿ ಸಾಕಷ್ಟು ಜೊಲ್ಲೂ ಇರಬೇಕು. ತಿಂದದ್ದು ಅದರಲ್ಲಿ ಕರಗಿದರೆ ತಾನೇ ರುಚಿ ಗೊತ್ತಾಗುವುದು? ತಿನ್ನುವುದನ್ನೇ ನಿಲ್ಲಿಸಿ ರುಚಿ ವಾಪಸ್ ಬರಲಿ ಅಂದರೆ ಹೇಗೆ ಬಂದೀತು ಹೇಳು.

ಜಿಂಕ್ ಅಂದ ತಕ್ಷಣ ಮೆಡಿಕಲ್ ಶಾಪಿಗೆ ಓಡಬೇಡ. ನಿನ್ನನ್ನು ನಾನು ಬಲ್ಲೆ! ಜಾಸ್ತಿ ಆದರೆ ಹೊಟ್ಟೆ ತೊಳಸುತ್ತದೆ, ಮೈಯಲ್ಲಿನ ತಾಮ್ರವೂ ಇಳಿಯುತ್ತದೆ. ಮಾತ್ರೆ ಬೇಕೋ ಬೇಡವೋ ಅನ್ನುವುದನ್ನು ನಿನ್ನ ಡಾಕ್ಟರ್ ಹೇಳಲಿ. ನಮ್ಮಂಥ ಸಸ್ಯಾಹಾರಿಗಳಿಗೆ ಧಾನ್ಯ, ಬೇಳೆಯಲ್ಲಿರುವ ಫೈಟೇಟ್ ಅನ್ನುವ ಅಂಶ ಜಿಂಕನ್ನು ಹಿಡಿದಿಟ್ಟುಕೊಂಡು ಪೂರ್ತಿ ಮೈಗೆ ಸೇರಲು ಬಿಡುವುದಿಲ್ಲ. ನೆನೆಸಿದರೆ, ಮೊಳಕೆ ಬರಿಸಿದರೆ, ಹುದುಗಿಸಿದರೆ ಅದು ಕಡಿಮೆಯಾಗುತ್ತದೆ. ದೋಸೆ, ಇಡ್ಲಿ, ಮೊಳಕೆಕಾಳಿನ ಹುಳಿ ತಿನ್ನು ಅಂತ ನಾನು ಹಟ ಹಿಡಿಯುವುದು ಸುಮ್ನೆ ಅಲ್ಲ.

ದೋಸೆ ಅಂದಾಗ ನೆನಪಾಯಿತು. ಹೋದ ಸಲ ಬಂದಾಗ ನೀನು ದೋಸೆಯ ಮೇಲೆ ಟಿಶ್ಯೂ ಪೇಪರ್ ಒತ್ತಿ, ಎಣ್ಣೆ ಹೀರಿದ ಆ ಪೇಪರನ್ನು ಮಡಚಿ ತಟ್ಟೆಯಡಿ ಬಚ್ಚಿಡುತ್ತಿದ್ದೆ. ಆಮೇಲೆ ಆ ದೋಸೆ ತಣ್ಣಗಾಗಿ ಚರ್ಮದ ಹಾಗಾಗುವವರೆಗೆ ಚೂರುಚೂರು ಮಾಡುತ್ತಾ ಕೂತೆ. ಕೊನೆಗೆ ಅದರ ಮೇಲೆ ನಿಂಬೆಹಣ್ಣು ಹಿಂಡಿ, ಖಾರದಪುಡಿ ಸುರಿದುಕೊಂಡೆ. ಮೂರಕ್ಕೂ ಅಡುಗೆಮನೆಯಲ್ಲೇ ಉತ್ತರ ಇದೆ. ನಾವು ರುಚಿ ಅನ್ನುವುದರಲ್ಲಿ ದೊಡ್ಡ ಪಾಲು ವಾಸನೆಯದು. ಬಹಳಷ್ಟು ಪರಿಮಳ ಕರಗುವುದು ಜಿಡ್ಡಿನಲ್ಲಿ. ಇಂಗನ್ನು ನೀರಿಗೆ ಹಾಕಿ ನೋಡು, ಆಮೇಲೆ ತುಪ್ಪದ ಒಗ್ಗರಣೆಗೆ ಹಾಕಿ ನೋಡು. ಬಿಸಿ ಇದ್ದಾಗ ಅದೇ ಪರಿಮಳ ಮೂಗಿಗೆ ಏರುತ್ತದೆ, ಆರಿದರೆ ಇಲ್ಲ. ಎಣ್ಣೆ ತೆಗೆದೆ, ಬಿಸಿ ಆರಿಸಿದೆ, ಆಮೇಲೆ ಸಪ್ಪೆ ಅಂತ ಖಾರ ಸುರಿದೆ.

ಖಾರ, ಉಪ್ಪಿನ ಈ ಹುಚ್ಚು ನಿನ್ನೊಬ್ಬಳದೇ ಅಲ್ಲ. 1944ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ ಒಂದು ಪ್ರಯೋಗ ಶುರುಮಾಡಿದರು. ಯುದ್ಧದಲ್ಲಿ ಹಸಿದ ಯುರೋಪಿನ ಜನಕ್ಕೆ ಮತ್ತೆ ಊಟ ಹೇಗೆ ಕೊಡಬೇಕು ಅಂತ ತಿಳಿಯಬೇಕಿತ್ತು. ಬಂದೂಕು ಹಿಡಿಯಲ್ಲ ಅಂದಿದ್ದ 36 ಗಂಡಸರು ತಾವಾಗಿ ಮುಂದೆ ಬಂದರು. ಗಟ್ಟಿಮುಟ್ಟಾದ ಹುಡುಗರು, ಊಟದ ವಿಷಯದಲ್ಲಿ ಯಾವ ಭಯವೂ ಇರಲಿಲ್ಲ. 24 ವಾರ ಅರೆಹೊಟ್ಟೆ ಊಟ ಕೊಟ್ಟಾಗ ಅವರು ಏನು ಮಾಡಿದರು ಗೊತ್ತಾ? ಉಪ್ಪು, ಮಸಾಲೆ ಸುರಿದುಕೊಂಡರು. ಕಾಫಿಯ ಮೇಲೆ ಕಾಫಿ, ಇಡೀ ದಿನ ಚೂಯಿಂಗ್ ಗಮ್. ತಟ್ಟೆಯಲ್ಲಿ ಏನೇನೋ ಕಲಸಿಕೊಂಡು ಗಂಟೆಗಟ್ಟಲೆ ಕೂತರು. ಅಡುಗೆ ಪುಸ್ತಕ ಕೂಡಿಟ್ಟರು. ನಿನ್ನ ಫೋನಿನಲ್ಲಿರುವ ರೆಸಿಪಿ ವಿಡಿಯೋಗಳ ಬಗ್ಗೆ ನಾನೇನೂ ಹೇಳುವುದಿಲ್ಲ, ಬಿಡು. ನಿನ್ನದೇ ವಿಚಿತ್ರ ಸ್ವಭಾವ ಅಂತ ನೀನು ಬೈದುಕೊಳ್ಳುತ್ತೀಯಲ್ಲ, ಅದರಲ್ಲಿ ಬಹಳಷ್ಟು ಹಸಿದ ಮೈಯ ಕೆಲಸ.

ಎಲ್ಲವೂ ನಾಲಿಗೆಯ ಮೇಲೇ ನಡೆಯುವುದಿಲ್ಲ ಅನ್ನುವುದೂ ನಿಜ. ಅನೊರೆಕ್ಸಿಯಾ ಇರುವವರ ನಾಲಿಗೆ ಪರೀಕ್ಷಿಸಿದಾಗ ಕೆಲವು ಕಡೆ ಸಿಹಿ, ಕಹಿ ಗುರುತಿಸುವ ಶಕ್ತಿ ಕಡಿಮೆ ಕಂಡಿದೆ, ಕೆಲವು ಕಡೆ ವ್ಯತ್ಯಾಸವೇ ಕಂಡಿಲ್ಲ. ಮಿದುಳಿನಲ್ಲಿ ಇನ್ಸುಲಾ ಅಂತ ಒಂದು ಭಾಗ ಇದೆ. ನಾಲಿಗೆಯ ಸುದ್ದಿ, ಹೊಟ್ಟೆಯ ಸುದ್ದಿ ಎರಡೂ ಅಲ್ಲಿಗೆ ಹೋಗುತ್ತವೆ. ಕ್ಯಾಲಿಫೋರ್ನಿಯಾದ ಮನೋವೈದ್ಯ ವಾಲ್ಟರ್ ಕೇ ಅವರ ತಂಡ ಈ ಕಾಯಿಲೆಯಿಂದ ಚೇತರಿಸಿಕೊಂಡ ಹೆಂಗಸರಿಗೆ ಸಕ್ಕರೆ ನೀರು ಕೊಟ್ಟು ಸ್ಕ್ಯಾನ್ ಮಾಡಿದಾಗ, ಆ ಭಾಗ ಬೇರೆಯವರಿಗಿಂತ ಮಂದವಾಗಿ ಸ್ಪಂದಿಸಿತ್ತು. ಅಂದರೆ ತೂಕ ಸರಿಹೋದ ಮೇಲೂ ‘ಆಹಾ’ ಅನ್ನಿಸುವುದು ತಡವಾಗಬಹುದು. ಜಿಡ್ಡು ಕಂಡರೆ ಬರುವ ಅಸಹ್ಯವೂ ಬೇಗ ಹೋಗುವುದಿಲ್ಲ. ಇದನ್ನು ನಿನಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಹದಿನೈದು ದಿನ ತಿಂದು, ‘ನೋಡಿ, ಏನೂ ಆಗಲಿಲ್ಲ’ ಅಂತ ತಟ್ಟೆ ಸರಿಸುತ್ತೀಯ.

ಅದಕ್ಕೇ ಈಗ ಗಡಿಯಾರ ನೋಡಿಕೊಂಡು ಊಟ ಮಾಡು, ನಾಲಿಗೆಯನ್ನು ಕೇಳಬೇಡ. ಜ್ವರದ ಮಾತ್ರೆ ರುಚಿಯಾಗಿದೆ ಅಂತ ಯಾರೂ ನುಂಗುವುದಿಲ್ಲ, ಅಲ್ವಾ? ಎರಡು ತುತ್ತಿಗೇ ಹೊಟ್ಟೆ ಬಿಗಿಯುತ್ತದೆ ಅಂತೀಯ. ಅದೂ ನಿಜ. ಬಹಳ ದಿನ ತಿನ್ನದಿದ್ದರೆ ಹೊಟ್ಟೆ ಖಾಲಿಯಾಗುವುದೇ ನಿಧಾನವಾಗುತ್ತದೆ. ಹೊತ್ತುಹೊತ್ತಿಗೆ ತಿಂದರೆ ಸರಿಹೋಗುತ್ತದೆ. ಹಾಗಂತ ಒಂದೇ ಸಲ ಜಾಸ್ತಿ ಮಾಡಿಕೊಳ್ಳಬೇಡ. ಬರಗಾಲ ಕಂಡ ಮೈಗೆ ದಿಢೀರನೆ ಊಟ ಬಿದ್ದರೆ ರಕ್ತದಲ್ಲಿ ಫಾಸ್ಫೇಟ್ ಕುಸಿದು ಜೀವಕ್ಕೇ ಅಪಾಯ. ಡಾಕ್ಟರ್ ಬರೆದುಕೊಟ್ಟ ಪ್ರಮಾಣದಲ್ಲೇ ಏರಿಸು.

ಇನ್ನು ತಿಂದದ್ದನ್ನು ನೀನೇ ವಾಂತಿ ಮಾಡಿಕೊಳ್ಳುವ ವಿಷಯ. ನೀನು ನನಗೆ ಹೇಳಿದ್ದೇ ದೊಡ್ಡದು, ಬೈಯುವುದಿಲ್ಲ. ಅಂಗುಳಿನಲ್ಲೂ ರುಚಿಮೊಗ್ಗುಗಳಿವೆ. ಮೇಲೆ ಬರುವ ಆಮ್ಲ ಅಲ್ಲಿಗೂ ಹಲ್ಲಿನ ಒಳಬದಿಗೂ ತಾಗುತ್ತದೆ. ಹಾಗಾದ ದಿನ ಕೂಡಲೇ ಬ್ರಷ್ ಮಾಡಬೇಡ, ಮೆತ್ತಗಾದ ಹಲ್ಲಿನ ಹೊದಿಕೆ ಸವೆದುಹೋಗುತ್ತದೆ. ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸು. ಡಾಕ್ಟರಿಗೂ ಹೇಳು, ರಕ್ತದಲ್ಲಿ ಪೊಟ್ಯಾಸಿಯಂ ನೋಡಬೇಕು. ಅದು ಇಳಿದರೆ ಎದೆಬಡಿತವೇ ಏರುಪೇರಾಗುತ್ತದೆ. ರಾತ್ರಿ ಮನಸ್ಸು ತಡೆಯದಿದ್ದರೆ ನನಗೆ ಫೋನ್ ಮಾಡು. ನಾನು ಎತ್ತದಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಸರ್ಕಾರದ್ದು, ದುಡ್ಡಿಲ್ಲ, ಯಾವ ಹೊತ್ತಿನಲ್ಲೂ ಕನ್ನಡದಲ್ಲೇ ಮಾತಾಡಬಹುದು.

‘ಊಟ ಬಲ್ಲವನಿಗೆ ರೋಗವಿಲ್ಲ’ ಅಂತ ನಿನ್ನ ಅಪ್ಪ ದಿನಾ ಚುಚ್ಚುವುದನ್ನು ನಿಲ್ಲಿಸಲು ಹೇಳಿದ್ದೇನೆ. ಅಮ್ಮನಿಗೂ ಬೇರೆ ಕಾಗದ ಬರೆದಿದ್ದೇನೆ: ತಟ್ಟೆ ನೋಡುತ್ತಾ ಕೂರಬೇಡ, ಹೇಗಿದೆ ಅಂತ ಕೇಳಬೇಡ, ಸಾರು ಬಿಸಿ ಇದ್ದಾಗಲೇ ಬಡಿಸು ಅಂತ. ನೀನು ಮಾಡಬೇಕಾದದ್ದು ಒಂದು. ನಾಳೆಯಿಂದ ಬೆಳಗಿನ ದೋಸೆಗೆ ಟಿಶ್ಯೂ ಒತ್ತಬೇಡ. ಬೇರೆ ಊಟದ ಮಾತು ಮುಂದಿನ ವಾರ ನೋಡೋಣ.

ಇಂತಿ ನಿನ್ನ,
ದೊಡ್ಡಮ್ಮ