ರೆಫರಿಗೆ ಹತ್ತು ಪಾಯಿಂಟ್

ಗೆಳೆಯಾ,

ಮೊನ್ನೆ ಫೋನಿನಲ್ಲಿ ಕೇಳಿದ್ದೆಯಲ್ಲ, ರೆಫರಿಯೇ ಎದುರು ತಂಡದ ಕಡೆ ವಾಲಿದರೆ ನಮ್ಮ ಹುಡುಗರಿಗೆ ಏನು ಹೇಳಲಿ ಅಂತ. ಆಗ ಬಾಯಿಗೆ ಏನೂ ಬರಲಿಲ್ಲ. ರಾತ್ರಿ ಮಲಗಿದ ಮೇಲೆ ಬ್ಯಾಸ್ಕೆಟ್‌ಬಾಲ್ ಕೋಚ್ ರೇ ಕ್ರೋ ನೆನಪಾದರು.

ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಕ್ರಿಸ್ಪಸ್ ಆಟಕ್ಸ್ ಅಂತ ಒಂದು ಹೈಸ್ಕೂಲು. ಕಪ್ಪು ಮಕ್ಕಳು ಬಿಳಿ ಮಕ್ಕಳ ಪಕ್ಕ ಕೂರಬಾರದು ಅಂತಲೇ 1927ರಲ್ಲಿ ತೆರೆದ ಶಾಲೆ. ಇಂಥ ಶಾಲೆಗಳನ್ನು ರಾಜ್ಯದ ಬ್ಯಾಸ್ಕೆಟ್‌ಬಾಲ್ ಟೂರ್ನಿಗೆ ಸೇರಿಸಿಕೊಳ್ಳೋಕೆ ಒಪ್ಪಿದ್ದು 1942ರಲ್ಲಿ. ಶಾಲೆಯ ಜಿಮ್ ಎಷ್ಟು ಚಿಕ್ಕದಿತ್ತು ಅಂದ್ರೆ, ತವರಿನ ಪಂದ್ಯಕ್ಕೂ ಬೇರೆಯವರ ಅಂಗಳಕ್ಕೇ ಹೋಗಬೇಕಿತ್ತು.

1950ರಲ್ಲಿ ಅಲ್ಲಿ ಮುಖ್ಯ ಕೋಚ್ ಆದವರು ಕ್ರೋ, ಗಣಿತದ ಮೇಷ್ಟ್ರು. ಮೊದಲ ಹತ್ತು ಪಾಯಿಂಟ್ ರೆಫರಿಗೆ, ಉಳಿದದ್ದು ನಮಗೆ ಅಂತ ಹುಡುಗರಿಗೆ ಹೇಳುತ್ತಿದ್ದರಂತೆ. ಮೋಸ ಆಗೇ ಆಗುತ್ತೆ, ಅದನ್ನೂ ಲೆಕ್ಕಕ್ಕೆ ಹಿಡಿದೇ ಆಡಿ ಅಂತ. ಗಣಿತದ ಮೇಷ್ಟ್ರೇ ಸರಿ! ಮೈದಾನದಲ್ಲಿ ಒಬ್ಬರೂ ವಾದ ಮಾಡುವ ಹಾಗಿಲ್ಲ. ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ಹದಿನಾರು ವರ್ಷದ ಹುಡುಗನಿಗೆ ಎಷ್ಟು ಅಂತ ನುಂಗು ಅನ್ನೋದು? ಅವರಿಗೂ ಹಾಗೆ ಅನ್ನಿಸಿರಬೇಕು. 1951ರ ಸೆಮಿಫೈನಲ್‌ನಲ್ಲಿ ಸೋತಾಗ, ಹುಡುಗರನ್ನು ತೀರಾ ಮೆತ್ತಗೆ ಆಡಿಸಿಬಿಟ್ಟೆ, ತಪ್ಪು ನನ್ನದೇ ಅಂದುಕೊಂಡರಂತೆ. ಆಮೇಲೆ ಬಾಯಿಗೆ ಹಾಕಿದ ಬೀಗ ಹಾಗೇ ಇತ್ತು, ಕಾಲಿಗೆ ಹಾಕಿದ್ದನ್ನು ಬಿಚ್ಚಿದರು.

ಆ ತಂಡದಲ್ಲೇ ಬೆಳೆದವನು ಆಸ್ಕರ್ ರಾಬರ್ಟ್‌ಸನ್, ಮುಂದೆ ಅಮೆರಿಕದ ಬ್ಯಾಸ್ಕೆಟ್‌ಬಾಲ್‌ನಲ್ಲಿ ದೊಡ್ಡ ಹೆಸರಾದವನು. ಚಿಕ್ಕಂದಿನಲ್ಲಿ ಚೆಂಡಿಗೆ ದುಡ್ಡಿಲ್ಲದೆ, ಚಿಂದಿ ಬಟ್ಟೆಗೆ ರಬ್ಬರ್ ಬ್ಯಾಂಡ್ ಸುತ್ತಿ ಹಣ್ಣಿನ ಬುಟ್ಟಿಗೆ ಎಸೆಯುತ್ತಿದ್ದ ಹುಡುಗ. 1955ರ ರಾಜ್ಯ ಟೂರ್ನಿಯ ಫೈನಲ್‌ನಲ್ಲಿ ಆಟಕ್ಸ್ ಹುಡುಗರು ಗ್ಯಾರಿ ರೂಸ್‌ವೆಲ್ಟ್ ಶಾಲೆಯನ್ನು 97-74ರಿಂದ ಸೋಲಿಸಿದರು. ಅದೂ ಕಪ್ಪು ಮಕ್ಕಳದೇ ಶಾಲೆ, ನೋಡು.

ಗೆದ್ದವರನ್ನು ಫೈರ್ ಎಂಜಿನ್ ಮೇಲೆ ಹತ್ತಿಸಿ ಊರ ನಡುವಿನ ಮಾನ್ಯುಮೆಂಟ್ ಸರ್ಕಲ್‌ಗೆ ಮೆರವಣಿಗೆ ಕರೆದೊಯ್ಯೋದು ಆಗ ಅಲ್ಲಿನ ರೂಢಿ. ಇವರನ್ನೂ ಹತ್ತಿಸಿದರು. ಸರ್ಕಲ್‌ಗೆ ಒಂದು ಸುತ್ತು ಹಾಕಿಸಿ, ನಿಲ್ಲಿಸದೆ, ಸೀದಾ ಕಪ್ಪು ಜನರ ಕೇರಿಯ ಪಾರ್ಕಿಗೆ ತಂದು ಬಿಟ್ಟರು. ಗಲಾಟೆಯಾಗುತ್ತೆ ಅನ್ನೋ ಭಯವಂತೆ ಊರಿನ ಅಧಿಕಾರಿಗಳಿಗೆ. ಆಸ್ಕರ್ ಅಲ್ಲಿಂದ ಬೇಗ ಎದ್ದು ಅಪ್ಪನ ಮನೆಗೆ ಹೋಗಿ ನೆಲದ ಮೇಲೆ ಮಲಗಿದ. ಅವರಿಗೆ ನಾವು ಬೇಡ ಅಪ್ಪಾ ಅಂದನಂತೆ.

ಮರುವರ್ಷ 31 ಪಂದ್ಯ ಆಡಿದರು, ಒಂದರಲ್ಲೂ ಸೋಲಲಿಲ್ಲ. ಕ್ರೋ ಏಳು ವರ್ಷದಲ್ಲಿ 179 ಪಂದ್ಯ ಗೆದ್ದರು, ಸೋತದ್ದು 20.

ಹತ್ತು ಪಾಯಿಂಟಿನ ಲೆಕ್ಕ ನಿನ್ನ ಹುಡುಗರಿಗೂ ಹೇಳು. ಫೈರ್ ಎಂಜಿನ್ ಕಥೆ ಹೇಳಬೇಕೋ ಬೇಡವೋ, ನೀನೇ ನೋಡು. ಶನಿವಾರದ ಮ್ಯಾಚ್ ಏನಾಯ್ತು ಅಂತ ಬರಿ.

ನಿನ್ನವನೇ