ಕಂದು ಹಾಕಿದ ಮೇಕೆ: ಬರಿಗೈಲಿ ಮುಟ್ಟಬೇಡಿ

ಅರಸೀಕೆರೆ ಗುಂಪಿನ ಎಲ್ಲ ಮೇಕೆ ಸಾಕಣೆದಾರರಿಗೆ ನಮಸ್ಕಾರ.

ಮೂರೂವರೆ ತಿಂಗಳು ದಾಟಿದ ಗಬ್ಬದ ಮೇಕೆ ಕಂದು ಹಾಕಿದರೆ (ಗರ್ಭಪಾತವಾದರೆ) ದಯವಿಟ್ಟು "ಬಿಸಿಲಿಗೆ ಹೋಯ್ತು" ಅಂತ ಬಿಟ್ಟುಬಿಡಬೇಡಿ. ಅದು ಬ್ರುಸೆಲ್ಲೋಸಿಸ್ ಇರಬಹುದು, ಮೇಕೆಯಿಂದ ಮನುಷ್ಯರಿಗೂ ಹರಡುವ ರೋಗ. ಆ ಮರಿ, ಮಾಸು, ಸ್ರಾವದಲ್ಲಿ ರೋಗಾಣು ತುಂಬಿರುತ್ತದೆ. ನಮ್ಮಲ್ಲಿ ಎಷ್ಟೋ ಜನ ಮಾಸು ಬೀಳದಿದ್ದರೆ ಬರಿಗೈಲಿ ಎಳೆಯುತ್ತೇವೆ. ಕೈಯಲ್ಲಿ ಒಂದು ಸಣ್ಣ ಗೀರು ಇದ್ದರೂ ರೋಗ ಒಳಗೆ ಬರುತ್ತದೆ. ಗ್ಲೌಸ್ ಹಾಕಿ, ಮುಖಕ್ಕೆ ಬಟ್ಟೆ ಕಟ್ಟಿ, ಮರಿ, ಮಾಸನ್ನು ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ನಾಯಿಗೆ ಎಸೆಯಬೇಡಿ. ಗಬ್ಬದ ಹೆಂಗಸರು ಹತ್ತಿರವೂ ಹೋಗಬಾರದು.

ಹಾಲು ಕುದಿಸಿಯೇ ಕುಡಿಯಿರಿ. ಹಸಿ ಮೇಕೆ ಹಾಲು ಮಕ್ಕಳಿಗೆ ಒಳ್ಳೆಯದು ಅನ್ನುವ ಮಾತು ಇನ್ನೂ ಇದೆ, ನನಗೆ ಅದೇ ದೊಡ್ಡ ಚಿಂತೆ.

ಮನುಷ್ಯರಲ್ಲಿ ಈ ರೋಗದ ಲಕ್ಷಣ: ಬಂದು ಹೋಗುವ ಜ್ವರ, ರಾತ್ರಿ ಬೆವರು, ಸೊಂಟ ಕೀಲು ನೋವು. ಟೈಫಾಯಿಡ್ ಅಂತ ಔಷಧಿ ತಿಂದು ತಿಂಗಳು ಕಳೆಯುವವರಿದ್ದಾರೆ. ಡಾಕ್ಟರಿಗೆ "ಮನೇಲಿ ಮೇಕೆ ಇದೆ" ಅಂತ ನೀವೇ ಹೇಳಿ, ರಕ್ತ ಪರೀಕ್ಷೆ ಕೇಳಿ. ಮಾತ್ರೆ ಸಾಮಾನ್ಯವಾಗಿ 6 ವಾರ. ಜ್ವರ ಬಿಟ್ಟಿತು ಅಂತ ನಡುವೆ ನಿಲ್ಲಿಸಿದರೆ ಮತ್ತೆ ಮರುಕಳಿಸುತ್ತದೆ.

ಈ ರೋಗಕ್ಕೆ ಸರ್ಕಾರದ ಲಸಿಕೆ ಹಸು, ಎಮ್ಮೆಯ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಮಾತ್ರ, ಮೇಕೆಗಲ್ಲ. ಹಾಗಾಗಿ ಸಂತೆಯಿಂದ ತಂದ ಮೇಕೆ, ಹೋತಗಳನ್ನು ರಕ್ತ ಪರೀಕ್ಷೆ ಆಗುವವರೆಗೆ ಬೇರೆ ಕಟ್ಟಿ. ಕಂದು ಹಾಕಿದ ಮೇಕೆಯನ್ನು ಸದ್ದಿಲ್ಲದೆ ಸಂತೆಗೆ ಸಾಗಿಸಬೇಡಿ, ರೋಗ ಇನ್ನೊಬ್ಬರ ಮನೆಗೆ ಹೋಗುತ್ತದೆ. ಪಶುವೈದ್ಯರಿಗೆ ತಿಳಿಸಿ, ಅಥವಾ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ.